ಮನೆಯಲ್ಲಿ ಬಿಯರ್ ತಯಾರಿಸಿದರೆ ಅಪರಾಧವೇ? ಹವ್ಯಾಸಕ್ಕೂ ಅಬಕಾರಿ ಕಾಯ್ದೆಗೂ ಇರುವ ತಕರಾರು

2023ರ ಜುಲೈ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ ಶೇ 185ಕ್ಕೆ ಏರಿಸಿತು. ಮರುವರ್ಷ ಅದು ಶೇ 195 ಆಯಿತು. 2025ರ ಜನವರಿಯಲ್ಲಿ ಬಿಯರಿನೊಳಗಿನ ಮದ್ಯಸಾರದ ಪ್ರಮಾಣವನ್ನು ನೋಡಿ ಮೂಲ ಸುಂಕ ವಿಧಿಸುವ ಹೊಸ ಲೆಕ್ಕ ಜಾರಿಗೆ ಬಂದು, ಬಾಟಲಿಯ ಬೆಲೆ ಮತ್ತೊಮ್ಮೆ ಮೇಲಕ್ಕೆ ಹೋಯಿತು. ಹೀಗೆ ಬೆಲೆ ಏರಿದಾಗಲೆಲ್ಲ ಒಂದು ಪ್ರಶ್ನೆ ಮತ್ತೆ ಚಾಲ್ತಿಗೆ ಬರುತ್ತದೆ: ಇಷ್ಟು ದುಬಾರಿಯಾದ ಮೇಲೆ ಇದನ್ನು ಮನೆಯಲ್ಲೇ ಏಕೆ ಮಾಡಿಕೊಳ್ಳಬಾರದು?

ಪ್ರಶ್ನೆ ಕಾಲ್ಪನಿಕವಲ್ಲ. ಮಾಲ್ಟ್, ಹಾಪ್ಸ್, ಯೀಸ್ಟ್, ಹುದುಗು ಬರಿಸುವ ಡಬ್ಬ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕ್ ಎಲ್ಲವನ್ನೂ ಒಟ್ಟಿಗೆ ಕಟ್ಟಿದ ‘ಕಿಟ್’ಗಳು ಆನ್‌ಲೈನ್ ಅಂಗಡಿಗಳಲ್ಲಿ ಬಹಿರಂಗವಾಗಿಯೇ ಸಿಗುತ್ತವೆ. ಬೆಂಗಳೂರಿನಲ್ಲಿ ಈ ಹವ್ಯಾಸದವರು ಸಾಕಷ್ಟು ಮಂದಿ ಇದ್ದಾರೆ; ಯಾವ ಹಾಪ್ಸ್ ಎಷ್ಟು ಹೊತ್ತು ಕುದಿಯಬೇಕು, ಯಾವ ಯೀಸ್ಟ್ ಎಷ್ಟು ಉಷ್ಣಾಂಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರ ಮೇಲೆ ಅವರ ನಡುವೆ ಗಂಭೀರ ಚರ್ಚೆಯೇ ನಡೆಯುತ್ತದೆ. ತಯಾರಿಕೆಯ ಸಾಮಗ್ರಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿರುವಾಗ ತಯಾರಿಕೆಯೂ ಸಕ್ರಮವೇ ಇರಬೇಕು ಎಂದು ಜನ ಭಾವಿಸುವುದು ಸಹಜ. ಕರ್ನಾಟಕದಲ್ಲಿ ಅದು ಹಾಗಿಲ್ಲ. ಏಕೆ ಹಾಗಿಲ್ಲ, ಹಾಗಿಲ್ಲದಿರುವುದು ಎಷ್ಟರಮಟ್ಟಿಗೆ ಸರಿ, ಬದಲಾದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಕಾಯ್ದೆಯ ಮಾತು

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು ಮದ್ಯದ ತಯಾರಿಕೆ, ದಾಸ್ತಾನು, ಸಾಗಣೆ, ಖರೀದಿ ಮತ್ತು ಮಾರಾಟವನ್ನು ರಾಜ್ಯಗಳ ಅಧಿಕಾರಕ್ಕೆ ಬಿಟ್ಟಿದೆ. 51ನೇ ನಮೂದು ಅದರ ಮೇಲೆ ಸುಂಕ ಹಾಕುವ ಅಧಿಕಾರವನ್ನೂ ರಾಜ್ಯಗಳಿಗೇ ಕೊಟ್ಟಿದೆ. ಆದ್ದರಿಂದ ‘ಭಾರತದಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದೇ’ ಎಂಬ ಪ್ರಶ್ನೆಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರವಿಲ್ಲ. ಯಾವ ರಾಜ್ಯ ಎಂದು ಮೊದಲು ಕೇಳಬೇಕು.

ಕರ್ನಾಟಕದ ಮಟ್ಟಿಗೆ ಉತ್ತರ ಇರುವುದು 1965ರ ಅಬಕಾರಿ ಕಾಯ್ದೆಯಲ್ಲಿ. ಅದರ 13ನೇ ಕಲಂ ಪ್ರಕಾರ ಸನ್ನದು ಇಲ್ಲದೆ ಯಾವುದೇ ಮಾದಕ ಪದಾರ್ಥವನ್ನು ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣಗಳನ್ನು ಇಟ್ಟುಕೊಳ್ಳುವುದೂ ನಿಷಿದ್ಧ. ಉಲ್ಲಂಘಿಸಿದವರಿಗೆ 32ನೇ ಕಲಂ ಅಡಿ ಜೈಲು ಮತ್ತು ದಂಡ. ಮಾರುವುದಕ್ಕೆ ಮಾಡಿದೆಯೋ ಸ್ವಂತಕ್ಕೆ ಮಾಡಿಕೊಂಡೆಯೋ ಎಂದು ಈ ಕಲಂ ಕೇಳುವುದಿಲ್ಲ. ನೂರು ಲೀಟರೋ ಐದು ಲೀಟರೋ ಎಂದೂ ಕೇಳುವುದಿಲ್ಲ. ‘ತಯಾರಿಕೆ’ ಎಂಬುದರ ವ್ಯಾಖ್ಯಾನವಂತೂ ಇನ್ನೂ ವಿಶಾಲವಾಗಿದೆ: ಮಾದಕ ಪದಾರ್ಥ ಉಂಟಾಗುವ ಪ್ರತಿಯೊಂದು ಪ್ರಕ್ರಿಯೆಯೂ, ಅದು ನೈಸರ್ಗಿಕವಾಗಿರಲಿ ಕೃತಕವಾಗಿರಲಿ, ತಯಾರಿಕೆಯೇ. ಅಕ್ಷರಶಃ ಓದಿದರೆ ಡಬ್ಬದೊಳಗೆ ತನ್ನಷ್ಟಕ್ಕೆ ಹುಳಿಯುತ್ತಿರುವ ಹಣ್ಣಿನ ರಸವೂ ಇದರ ವ್ಯಾಪ್ತಿಗೆ ಬರಬಹುದು.

ಇಲ್ಲೊಂದು ವೈರುಧ್ಯವಿದೆ. ಕುಡಿಯುವವರ ಮಟ್ಟಿಗೆ ಅಬಕಾರಿ ವ್ಯವಸ್ಥೆ ಪ್ರಮಾಣದ ಲೆಕ್ಕವನ್ನು ಒಪ್ಪಿಕೊಂಡಿದೆ. ಒಬ್ಬ ವ್ಯಕ್ತಿ ಸನ್ನದಿಲ್ಲದೆ ಇಂತಿಷ್ಟು ಲೀಟರ್ ಬಿಯರ್, ಇಂತಿಷ್ಟು ಲೀಟರ್ ವೈನ್ ಇಟ್ಟುಕೊಳ್ಳಬಹುದು ಎಂಬ ಮಿತಿ ಇದೆ. ಅದರೊಳಗಿದ್ದರೆ ಸ್ವಂತ ಬಳಕೆ ಎಂದು ಭಾವಿಸಲಾಗುತ್ತದೆ. ಆದರೆ ತಯಾರಿಕೆಗೆ ಬಂದಾಗ ಸ್ವಂತ ಬಳಕೆ ಎಂಬ ವರ್ಗವೇ ಇಲ್ಲ.

ಹಾಗಾದರೆ ಕಿಟ್ ಮಾರುವುದು ಹೇಗೆ?

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ (ಬಾರ್ಲಿ). ಎಳೆಗೂಸಿಗೆ ಕುಡಿಸುವ ರಾಗಿ ಮಾಲ್ಟ್‌ಗೂ ಇದಕ್ಕೂ ಪ್ರಕ್ರಿಯೆಯಲ್ಲಿ ವ್ಯತ್ಯಾಸ ಕಡಿಮೆ. ಹಾಪ್ಸ್ ಒಂದು ಬಳ್ಳಿಯ ಹೂವು. ಭಾರತದಲ್ಲಿ ಇದನ್ನು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ, ಉಳಿದದ್ದು ಹೊರದೇಶಗಳಿಂದ ಬರುತ್ತದೆ. ಯೀಸ್ಟ್ ಬೇಕರಿಗೂ ಬೇಕು. ಇವುಗಳಲ್ಲಿ ಒಂದೂ ಮಾದಕ ಪದಾರ್ಥವಲ್ಲ, ಒಂದರ ಮಾರಾಟಕ್ಕೂ ಅಬಕಾರಿ ಸನ್ನದು ಬೇಕಿಲ್ಲ. ಕಾಯ್ದೆ ಹಿಡಿಯುವುದು ಉದ್ದೇಶವನ್ನು. ಮಾರುವವನ ಬಳಿ ಅವು ಆಹಾರ ಸಾಮಗ್ರಿ. ಕೊಂಡವನು ಬಿಯರ್ ಮಾಡುವ ಉದ್ದೇಶದಿಂದ ಇಟ್ಟುಕೊಂಡ ಕ್ಷಣಕ್ಕೆ ಅವೇ ಅಪರಾಧದ ಸಾಧನಗಳಾಗುತ್ತವೆ. ಕಾನೂನಿನ ಹೊರೆಯೆಲ್ಲ ಬೀಳುವುದು ಕೊಂಡವನ ತಲೆಯ ಮೇಲೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ಅದು ಅವನಿಗೆ ತಿಳಿದೇ ಇರುವುದಿಲ್ಲ.

ವೈನ್ ವಿಷಯದಲ್ಲಿ ಈ ಗೊಂದಲ ಇನ್ನೂ ಹಳೆಯದು. ಕೊಡಗಿನ ರಸ್ತೆ ಬದಿಯ ಅಂಗಡಿಗಳಲ್ಲಿ ‘ಹೋಮ್ ಮೇಡ್ ವೈನ್’ ಫಲಕ ನೋಡದ ಪ್ರವಾಸಿ ಇರಲಾರ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗಾಗಿ ದ್ರಾಕ್ಷಿ ಹುದುಗಿಸಿಡುವುದು ವಾಡಿಕೆ. ನೆರೆಯ ಕೇರಳದಲ್ಲಿ 2019ರ ಡಿಸೆಂಬರ್‌ನಲ್ಲಿ, ಹಬ್ಬಕ್ಕೆ ಕೆಲವೇ ದಿನ ಇರುವಾಗ, ಮನೆಯಲ್ಲಿ ವೈನ್ ತಯಾರಿಸುವುದು ಅಪರಾಧ ಎಂದು ನೆನಪಿಸುವ ಸುತ್ತೋಲೆಯನ್ನು ಅಬಕಾರಿ ಇಲಾಖೆ ಹೊರಡಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಬಳಿಕ ಸಚಿವರೇ ಸ್ಪಷ್ಟನೆ ಕೊಡಬೇಕಾಯಿತು. ಕಾನೂನು ಬದಲಾಗಲಿಲ್ಲ, ಕಣ್ಣು ಮುಚ್ಚಿಕೊಳ್ಳುವ ಪದ್ಧತಿ ಮುಂದುವರಿಯಿತು.

ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ

ಈ ಚರ್ಚೆಯಲ್ಲಿ ಹೆಚ್ಚು ಹಾನಿ ಮಾಡಿರುವ ತಪ್ಪು ಕಲ್ಪನೆ ಒಂದಿದೆ. ‘ಮನೆಯಲ್ಲಿ ಮದ್ಯ’ ಎಂದ ಕೂಡಲೇ ಓದುಗರ ಮನಸ್ಸಿಗೆ ಬರುವುದು ಕಳ್ಳಭಟ್ಟಿ, ಅದರ ಹಿಂದೆಯೇ ಸಾಲು ಸಾವುಗಳು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ಅದೇ ಆಯಿತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಹಿನ್ನೆಲೆಯಿರುವ ನೆಲದಲ್ಲಿ ಜನ ಹೆದರುವುದನ್ನು ಅಜ್ಞಾನ ಎಂದು ತಳ್ಳಿಹಾಕಲು ಬರುವುದಿಲ್ಲ. ಆದರೆ ಕೊಂದದ್ದು ಯಾವುದು ಎಂಬುದನ್ನು ಮಾತ್ರ ಸರಿಯಾಗಿ ಗುರುತಿಸಬೇಕು.

ವಿಷಮದ್ಯ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ಅದು ಸಾಮಾನ್ಯವಾಗಿ ಹುದುಗುವಿಕೆಯಿಂದ ಹುಟ್ಟಿದ್ದಲ್ಲ. ಬಣ್ಣ, ದ್ರಾವಕಗಳ ಕಾರ್ಖಾನೆಗಳಿಗೆ ಹೋಗಬೇಕಾದ ಕೈಗಾರಿಕಾ ರಾಸಾಯನಿಕವನ್ನು ಕದ್ದು, ಅಗ್ಗವೆಂದು ಮದ್ಯಕ್ಕೆ ಬೆರೆಸಿದ್ದು ಅಥವಾ ಅದನ್ನೇ ನೀರು ಸೇರಿಸಿ ಮಾರಿದ್ದು. ಹುದುಗುವಾಗ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಅಂಟು ಪದಾರ್ಥವಾದ ಪೆಕ್ಟಿನ್‌ನಿಂದ, ಅದೂ ಅತ್ಯಲ್ಪ ಪ್ರಮಾಣದಲ್ಲಿ. ಜವೆಗೋಧಿಯಲ್ಲಿ ಪೆಕ್ಟಿನ್ ತೀರಾ ಕಡಿಮೆ ಇರುವುದರಿಂದ ಬಿಯರ್‌ನಲ್ಲಿ ಆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಯೀಸ್ಟ್ ಸಕ್ಕರೆಯನ್ನು ತಿಂದು ಎಥನಾಲ್ (ಮದ್ಯಸಾರ) ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ; ಎಥನಾಲ್ ಒಂದು ಮಟ್ಟ ಮೀರಿದಾಗ ಯೀಸ್ಟ್‌ಗೇ ಬದುಕಲಾಗದೆ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಹುದುಗಿಸಿ ಮಾತ್ರ ಯಾರೂ ಸಾರಾಯಿಯ ಮಟ್ಟದ ಅಮಲು ಪಡೆಯಲು ಸಾಧ್ಯವಿಲ್ಲ. ಅದಕ್ಕೆ ಭಟ್ಟಿ ಬೇಕು: ಕಾಯಿಸಿ, ಆವಿ ಹಿಡಿದು, ತಣಿಸಿ ಇಳಿಸಬೇಕು. ಆಗ ಮದ್ಯಸಾರವೂ ಸಾಂದ್ರವಾಗುತ್ತದೆ, ಬೆಂಕಿ ಮತ್ತು ವಿಷದ ಅಪಾಯವೂ ಸಾಂದ್ರವಾಗುತ್ತದೆ.

ಹವ್ಯಾಸಿಯ ಅಡುಗೆಮನೆಯಲ್ಲಿ ನಡೆಯುವುದು ಹೀಗೆ. ನುಚ್ಚಾಗಿ ಒಡೆದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸಿಹಿಯಾದ ಆ ರಸವನ್ನು ಸೋಸಿ, ಹಾಪ್ಸ್ ಹಾಕಿ ಮತ್ತೊಂದು ಗಂಟೆ ಕುದಿಸಿ, ಬೇಗ ತಣಿಸಿ, ಯೀಸ್ಟ್ ಸೇರಿಸಿ ಡಬ್ಬ ಮುಚ್ಚುತ್ತಾರೆ. ಏರ್‌ಲಾಕ್‌ನಲ್ಲಿ ಗುಳ್ಳೆ ಏಳತೊಡಗಿದರೆ ಕೆಲಸ ಶುರುವಾಯಿತೆಂದು ಅರ್ಥ. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಹಿತ. ಬೆಂಗಳೂರಿನ ಹವೆ ವರ್ಷದ ಕೆಲವು ತಿಂಗಳು ಇದಕ್ಕೆ ಒಗ್ಗುತ್ತದೆ, ಮಂಗಳೂರಿನಲ್ಲಿ ಫ್ರಿಜ್ ಇಲ್ಲದೆ ಸಾಗುವುದಿಲ್ಲ, ಕಲಬುರಗಿಯ ಏಪ್ರಿಲ್ ಬಗ್ಗೆ ಹೇಳುವುದೇ ಬೇಡ. ಇಲ್ಲಿ ನಿಜವಾದ ಅಪಾಯ ಇರುವುದು ಕೊನೆಯ ಹಂತದಲ್ಲಿ. ನೊರೆ ಬರಲೆಂದು ಬಾಟಲಿಗೆ ಲೀಟರಿಗೆ 5ರಿಂದ 7 ಗ್ರಾಂ ಸಕ್ಕರೆ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಹುದುಗುವಿಕೆ ಮುಗಿಯುವ ಮೊದಲೇ ಅವಸರದಿಂದ ಬಾಟಲಿಗೆ ತುಂಬಿದರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಕೈ, ಕಣ್ಣುಗಳಿಗೆ ಗಾಯ ಮಾಡುವ ಈ ಅಪಾಯ ಸಣ್ಣದಲ್ಲ, ಆದರೆ ಇದು ಕಳ್ಳಭಟ್ಟಿಯ ಜಾತಿಯ ಅಪಾಯವೂ ಅಲ್ಲ.

ಕರ್ನಾಟಕದ ಕಾಯ್ದೆ ಈ ಎರಡು ಪ್ರಕ್ರಿಯೆಗಳನ್ನು ಸನ್ನದು ಕೊಡುವಾಗ ಬೇರೆ ಬೇರೆಯಾಗಿ ನೋಡುತ್ತದೆ: ಭಟ್ಟಿ ಇಳಿಸುವ ಡಿಸ್ಟಿಲರಿಗೆ ಒಂದು ನಿಯಮಾವಳಿ, ಬಿಯರ್ ಮಾಡುವ ಬ್ರೂವರಿಗೆ 1967ರ ಪ್ರತ್ಯೇಕ ನಿಯಮಾವಳಿ. ಸನ್ನದಿಲ್ಲದೆ ಮಾಡಿದವರ ಮೇಲೆ ಮೊಕದ್ದಮೆ ಹೂಡುವಾಗ ಮಾತ್ರ ಆ ವ್ಯತ್ಯಾಸ ಮರೆತುಹೋಗುತ್ತದೆ.

ಖಜಾನೆಯ ಲೆಕ್ಕ

ಸರ್ಕಾರದ ಹಿಂಜರಿಕೆಗೆ ಆರೋಗ್ಯಕ್ಕಿಂತ ದೊಡ್ಡ ಕಾರಣ ವರಮಾನ. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಮಾನವ ಬಳಕೆಯ ಮದ್ಯ ಜಿಎಸ್‌ಟಿ ವ್ಯಾಪ್ತಿಯ ಹೊರಗಿದೆ. ರಾಜ್ಯಗಳು ಯಾರನ್ನೂ ಕೇಳದೆ ದರ ಏರಿಸಬಹುದಾದ, ಉಳಿದಿರುವ ಕೆಲವೇ ತೆರಿಗೆಗಳಲ್ಲಿ ಇದು ಒಂದು. ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸಬೇಕಾದ ಸರ್ಕಾರ ಈ ಮೂಲದಲ್ಲಿ ಸಣ್ಣ ತೂತನ್ನೂ ಸಹಿಸುವುದಿಲ್ಲ.

ಆ ತೂತು ಎಷ್ಟು ದೊಡ್ಡದಾಗಬಹುದು? ಹವ್ಯಾಸಿಯೊಬ್ಬ ಒಂದು ಬಾರಿಗೆ 20 ಲೀಟರ್ ಮಾಡಿದನೆಂದರೆ 650 ಮಿಲಿಲೀಟರಿನ ಸುಮಾರು 30 ಬಾಟಲಿ. ಮಾಡಲು ರಜೆಯ ಒಂದು ಇಡೀ ದಿನ, ಪಾತ್ರೆ ತೊಳೆಯಲು ಇನ್ನರ್ಧ ದಿನ, ಕಾಯಲು ಮೂರ್ನಾಲ್ಕು ವಾರ. ಹೊರದೇಶದ ಹಾಪ್ಸ್, ಯೀಸ್ಟ್, ಅಡುಗೆ ಅನಿಲ, ಉಪಕರಣಗಳ ಖರ್ಚನ್ನು ಸೇರಿಸಿದರೆ ‘ಅಗ್ಗಕ್ಕಾಗಿ ಮನೆಯಲ್ಲಿ ಮಾಡಿಕೊಳ್ಳುವುದು’ ಎಂಬ ವಾದ ನಿಲ್ಲುವುದಿಲ್ಲ. ಬೆಲೆ ಏರಿಕೆಗೆ ಸಿಟ್ಟಾಗಿ ಕಿಟ್ ಕೊಂಡವರು ಒಂದೆರಡು ಬಾರಿ ಮಾಡಿ ಅಟ್ಟಕ್ಕೆ ಎಸೆಯುವ ಸಂಭವವೇ ಹೆಚ್ಚು. ಉಳಿಯುವವರು ರುಚಿಯ ಹುಚ್ಚು ಹತ್ತಿದವರು, ಅವರು ಯಾವತ್ತೂ ಸಂಖ್ಯೆಯಲ್ಲಿ ಕಡಿಮೆ. ಖಜಾನೆಗೆ ನಿಜವಾಗಿ ಭಯವಿರಬೇಕಾದದ್ದು ಇವರಿಂದಲ್ಲ. ‘ಸ್ವಂತ ಬಳಕೆ’ಯ ಹೆಸರಿನಲ್ಲಿ ಮಾಡಿ ಸುಂಕ ತಪ್ಪಿಸಿ ಮಾರುವವರಿಂದ.

ಸುಂಕವನ್ನೇ ಮನೆಗೂ ವಿಧಿಸಿದರೆ ಹೇಗೆ ಎಂದು ಕೇಳಬಹುದು. ಅದು ಕಾರ್ಯಸಾಧ್ಯವಲ್ಲ, ಕಾರಣ ತಾಂತ್ರಿಕವಾದದ್ದು. ರಸದ ಸಾಂದ್ರತೆಯನ್ನು ಹೈಡ್ರೋಮೀಟರಿನಲ್ಲಿ ಹುದುಗುವ ಮೊದಲು ಮತ್ತು ನಂತರ ಅಳೆದು ಮದ್ಯಸಾರವನ್ನು ಲೆಕ್ಕ ಹಾಕುತ್ತಾರೆ. ಮೊದಲು 1.050 ಇದ್ದದ್ದು ಕೊನೆಗೆ 1.010ಕ್ಕೆ ಇಳಿದರೆ ಸುಮಾರು ಶೇ 5.25 ಮದ್ಯಸಾರ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಶೇ 5ರವರೆಗಿನದು ಸಾಧಾರಣ ಬಿಯರ್, ಶೇ 5 ದಾಟಿ 8ರವರೆಗಿನದು ಸ್ಟ್ರಾಂಗ್. ಮಾಲ್ಟ್ ನೆನೆಸುವಾಗ ನೀರಿನ ಬಿಸಿ ಎರಡು ಮೂರು ಡಿಗ್ರಿ ಅತ್ತಿತ್ತಾದರೆ ಹುದುಗಬಲ್ಲ ಸಕ್ಕರೆಯ ಪ್ರಮಾಣ ಬದಲಾಗಿ, ಅದೇ ಪಾತ್ರೆಯ ಬಿಯರ್ ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಜಿಗಿಯುತ್ತದೆ. ಪ್ರಯೋಗಾಲಯವಿರುವ ಕಾರ್ಖಾನೆಗೆ ಹೊಂದುವ ಈ ತೆರಿಗೆ ಸ್ಟೌ ಮೇಲಿನ ಪಾತ್ರೆಗೆ ಹೊಂದುವುದಿಲ್ಲ. ಮನೆಯಲ್ಲಿ ಮಾಡಲು ಬಿಟ್ಟಿರುವ ದೇಶಗಳೂ ಸುಂಕದ ಗೊಡವೆಗೆ ಹೋಗದೆ, ಮುಖ್ಯವಾಗಿ ಮಾರಬಾರದು ಎಂಬ ಷರತ್ತಿಗೆ ಅಂಟಿಕೊಂಡಿವೆ.

ವರಮಾನವೇ ನಿಷೇಧದ ಬೇರು ಎಂಬುದಕ್ಕೆ ಸ್ಪಷ್ಟ ಉದಾಹರಣೆ ಜಪಾನ್. ಮದ್ಯದ ತೆರಿಗೆ ಸರ್ಕಾರದ ಪ್ರಧಾನ ಆದಾಯವಾಗಿದ್ದ ಕಾಲದಲ್ಲಿ, 1899ರಲ್ಲಿ, ಅಲ್ಲಿ ಮನೆಯಲ್ಲಿ ಅಕ್ಕಿ ಮದ್ಯ ಮಾಡಿಕೊಳ್ಳುವುದನ್ನು ನಿಷೇಧಿಸಲಾಯಿತು. ಇಂದು ಆ ತೆರಿಗೆಯ ಪಾಲು ಜುಜುಬಿ, ಆದರೂ ಶೇ 1 ಮೀರಿದ ಮದ್ಯಸಾರವಿರುವ ಪಾನೀಯವನ್ನು ಮನೆಯಲ್ಲಿ ತಯಾರಿಸುವುದು ಈಗಲೂ ಅಪರಾಧ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೆರಿಗೆ ಸಂಗ್ರಹದ ಹಿತದೃಷ್ಟಿಯಿಂದ ಈ ನಿಷೇಧವನ್ನು ಎತ್ತಿಹಿಡಿಯಿತು.

ಬಾಗಿಲು ತೆರೆದವರಿಗೆ ಏನಾಯಿತು

ಬ್ರಿಟನ್ನಿನಲ್ಲಿ 1880ರಿಂದ ಮನೆಯ ಬಿಯರ್‌ಗೂ ಪರವಾನಗಿ ಬೇಕಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ರದ್ದಾದಾಗ ಮನೆಯ ವೈನ್‌ಗೆ ವಿನಾಯಿತಿ ಸಿಕ್ಕಿತು, ಬಿಯರ್ ಬಿಟ್ಟುಹೋಯಿತು. ಅದನ್ನು ಸರಿಪಡಿಸಲು 45 ವರ್ಷ ಹಿಡಿಯಿತು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ಮಾರುವಂತಿಲ್ಲ. ಭಟ್ಟಿ ಇಳಿಸಲು ಈ ಕಾನೂನು ಅವಕಾಶ ಕೊಡಲಿಲ್ಲ. ರಾಜ್ಯಗಳಿಗೆ ತಮ್ಮದೇ ನಿಯಮ ಇಟ್ಟುಕೊಳ್ಳುವ ಅಧಿಕಾರ ಉಳಿದಿದ್ದರಿಂದ, ಅಲಬಾಮಾ ಮತ್ತು ಮಿಸಿಸಿಪ್ಪಿ ಬಾಗಿಲು ತೆರೆದದ್ದು 2013ರಲ್ಲಿ.

ಅಲ್ಲಿನ ಮಿತಿಯನ್ನು ನಮ್ಮ ಲೆಕ್ಕಕ್ಕೆ ತಂದರೆ 100 ಗ್ಯಾಲನ್ ಎಂದರೆ ಸುಮಾರು 378 ಲೀಟರ್, ದಿನಕ್ಕೆ ಒಂದೂವರೆ ದೊಡ್ಡ ಬಾಟಲಿಗಿಂತ ಹೆಚ್ಚು. ಇದನ್ನು ಹವ್ಯಾಸದ ಮಿತಿ ಎಂದು ಕರೆಯುವುದು ಕಷ್ಟ. ಕರ್ನಾಟಕದಲ್ಲಿ ಯಾರಾದರೂ ಈ ಅಂಕಿಯನ್ನು ಮಾದರಿಯಾಗಿ ಮುಂದಿಟ್ಟರೆ ವಾದವನ್ನು ಆರಂಭದಲ್ಲೇ ಸೋತಂತೆ.

ಅಮೆರಿಕದ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳು ಕಡಿಮೆ ಪ್ರಮಾಣದಲ್ಲಿ ಮಾಡುವ ಬಿಯರ್) ಉದ್ಯಮವೆಲ್ಲ ಈ ಕಾನೂನಿನಿಂದಲೇ ಹುಟ್ಟಿತು ಎಂದು ಹವ್ಯಾಸಿಗಳು ಹೇಳುವುದುಂಟು. ಅರ್ಧ ನಿಜ. ಕ್ಯಾಲಿಫೋರ್ನಿಯಾದ ಚಿಕೊ ಪಟ್ಟಣದಲ್ಲಿ ಮನೆ ಬಿಯರ್ ಸಾಮಗ್ರಿಯ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ ಮುಂದೆ ಸಿಯೆರಾ ನೆವಾಡಾ ಬ್ರೂವರಿ ಕಟ್ಟಿದ್ದು, ಅಲ್ಲಿನ ಪೇಲ್ ಏಲ್ ದೇಶದ ರುಚಿಯನ್ನೇ ಬದಲಿಸಿದ್ದು ಇತಿಹಾಸ. ಆದರೆ 1976ರಲ್ಲೇ ಅಮೆರಿಕ ಸಣ್ಣ ಬ್ರೂವರಿಗಳಿಗೆ ಮೊದಲ 60,000 ಬ್ಯಾರೆಲ್‌ವರೆಗೆ ತೆರಿಗೆಯನ್ನು ಬ್ಯಾರೆಲಿಗೆ 9 ಡಾಲರಿನಿಂದ 7ಕ್ಕೆ ಇಳಿಸಿತ್ತು. 80ರ ದಶಕದಲ್ಲಿ ರಾಜ್ಯಗಳು ಒಂದೊಂದಾಗಿ ತಯಾರಿಸಿದ ಜಾಗದಲ್ಲೇ ಮಾರಲು ಅನುಮತಿ ಕೊಟ್ಟವು. ಕೌಶಲ ಬಂದದ್ದು ಹವ್ಯಾಸದಿಂದ, ಬದುಕುಳಿದದ್ದು ತೆರಿಗೆಯ ರಿಯಾಯಿತಿಯಿಂದ. ಜಪಾನ್ ಇದರ ಇನ್ನೊಂದು ಮುಖ: ಮನೆ ತಯಾರಿಕೆಗೆ ಇಂದಿಗೂ ಅನುಮತಿಯಿಲ್ಲ, ಆದರೂ 1994ರಲ್ಲಿ ಬ್ರೂವರಿಗೆ ಬೇಕಾದ ಕನಿಷ್ಠ ವಾರ್ಷಿಕ ಉತ್ಪಾದನೆಯನ್ನು 20 ಲಕ್ಷ ಲೀಟರಿನಿಂದ 60 ಸಾವಿರ ಲೀಟರಿಗೆ ಇಳಿಸಿದ ಕೂಡಲೇ ಸ್ಥಳೀಯ ಬಿಯರ್‌ಗಳ ಅಲೆ ಎದ್ದಿತು. ಹವ್ಯಾಸ ಸಕ್ರಮವಾಗದೆ ಉದ್ಯಮ ಬೆಳೆಯುವುದೇ ಇಲ್ಲ ಎಂಬ ವಾದ ಹಾಗಾಗಿ ನಿಲ್ಲುವುದಿಲ್ಲ.

ಬೆಂಗಳೂರಿನ ಬಿಯರ್‌ಗೆ ಗುರುಗಳು ಯಾರು?

ಬೆಂಗಳೂರಿನ ಅನುಭವವೂ ಅದನ್ನೇ ಹೇಳುತ್ತದೆ. 2009ರಲ್ಲಿ ಪುಣೆಯಲ್ಲಿ ಡೂಲಾಲಿ ಎಂಬ ಮೈಕ್ರೋಬ್ರೂವರಿ (ತಾನೇ ಬಿಯರ್ ಮಾಡಿ ಅಲ್ಲೇ ಬಡಿಸುವ ಸಣ್ಣ ಬ್ರೂವರಿ) ಶುರುವಾದಾಗ ಬಿಯರ್ ಮಾಡಿದ್ದು ಜರ್ಮನಿಯ ಆಲಿವರ್ ಶೌಫ್. ಬೆಂಗಳೂರಿನ ಮೊದಲ ಮೈಕ್ರೋಬ್ರೂವರಿ ‘ದಿ ಬಿಯರ್ ಕ್ಲಬ್’ 2011ರಲ್ಲಿ ತೆರೆಯಿತು. ಇಂದಿರಾನಗರದ ಟಾಯ್ಟ್ ಅದೇ ಸುಮಾರಿಗೆ ಸ್ವಂತ ಬಿಯರ್ ಇಳಿಸತೊಡಗಿತು. 2012ರಲ್ಲಿ ಬಂದ ಆರ್ಬರ್ ಬ್ರೂಯಿಂಗ್ ಕಂಪನಿಯ ಬೇರು ಅಮೆರಿಕದ ಮಿಷಿಗನ್‌ನಲ್ಲಿದೆ. ನಗರವನ್ನು ದೇಶದ ಕ್ರಾಫ್ಟ್ ಬಿಯರ್ ರಾಜಧಾನಿ ಎಂದು ಕರೆಯುವ ಮಟ್ಟಕ್ಕೆ ಇವು ಬೆಳೆದದ್ದು ಹವ್ಯಾಸಕ್ಕೆ ಕಾನೂನಿನ ಮಾನ್ಯತೆ ಇಲ್ಲದೆಯೇ.

ಹಾಗಾದರೆ ನಷ್ಟವೇನು? ಕಲಿಯುವ ದಾರಿ. ಬಾಣಸಿಗನಾಗಬಯಸುವವನು ಮನೆಯ ಒಲೆಯ ಮೇಲೆ ಕೈ ಪಳಗಿಸಿಕೊಳ್ಳಬಹುದು. ಬ್ರೂವರ್ ಆಗಬಯಸುವವನಿಗೆ ಆ ಮೊದಲ ಮೆಟ್ಟಿಲೇ ಅಕ್ರಮ. ಮುಖ್ಯವಾಗಿ ಇರುವ ದಾರಿ ಎರಡು: ದುಬಾರಿ ಕೋರ್ಸ್ ಮಾಡುವುದು, ಇಲ್ಲವೇ ಯಾರಿಗೂ ಹೇಳದೆ ಮನೆಯಲ್ಲಿ ಮಾಡಿ ಕಲಿಯುವುದು. ಎರಡನೆಯದನ್ನು ಮಾಡಿದವರು ಅದನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ, ಸ್ಪರ್ಧೆಗೆ ಕಳಿಸುವಂತಿಲ್ಲ, ಬಿಯರ್ ಕೆಟ್ಟರೆ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸುವಂತಿಲ್ಲ. ಸ್ಥಳೀಯ ಧಾನ್ಯಗಳ ಪ್ರಯೋಗಕ್ಕೆ ಇದರಿಂದ ಬೀಳುವ ಪೆಟ್ಟು ದೊಡ್ಡದು. ಸಿಕ್ಕಿಂ ಮತ್ತು ನೇಪಾಳದಲ್ಲಿ ರಾಗಿಯನ್ನು ಹುದುಗಿಸಿ, ಬಿಸಿನೀರು ಹೊಯ್ದು ಬಿದಿರ ಕೊಳವೆಯಿಂದ ಹೀರುವ ತೊಂಗ್ಬಾ ಮನೆಮನೆಯ ಪಾನೀಯ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ಕರ್ನಾಟಕದಲ್ಲಿ ರಾಗಿ ಬಿಯರ್ ಆಗೊಮ್ಮೆ ಈಗೊಮ್ಮೆ ಮೈಕ್ರೋಬ್ರೂವರಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ವಿಶೇಷ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ರಾಗಿ ಹಾಕಿ ಕೆಡಿಸಿಕೊಳ್ಳಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಐದು ಲೀಟರಿನಲ್ಲಿ ಹತ್ತು ಬಾರಿ ಕೆಡಿಸಿ ನೋಡಬಲ್ಲವನು ಹವ್ಯಾಸಿ ಮಾತ್ರ.

ಹವ್ಯಾಸದಿಂದ ಉದ್ಯಮಕ್ಕೆ ಏರುವ ಮುಂದಿನ ಮೆಟ್ಟಿಲುಗಳೂ ಕಡಿದಾಗಿವೆ. ಮೈಕ್ರೋಬ್ರೂವರಿ ತನ್ನ ಬಿಯರನ್ನು ಸಾಮಾನ್ಯವಾಗಿ ತನ್ನ ಜಾಗದಲ್ಲೇ ಬಡಿಸಬೇಕು. 2020ರ ಲಾಕ್‌ಡೌನ್‌ನಲ್ಲಿ, ಟ್ಯಾಂಕುಗಳಲ್ಲಿ ಬಿಯರ್ ಹಾಳಾಗುತ್ತಿದ್ದಾಗ, ಗ್ರಾಹಕರಿಗೆ ಕಟ್ಟಿಕೊಡಲು ತಾತ್ಕಾಲಿಕ ಅನುಮತಿ ಸಿಕ್ಕಿತ್ತು. ಬಾಟಲಿಯಲ್ಲಿ ಮಾರಲು ಹೊರಟರೆ ಪ್ರತಿ ರಾಜ್ಯದಲ್ಲೂ ಲೇಬಲ್ ನೋಂದಣಿ. ಬೀರಾ 91 ಎಂಬ ಬಿಯರ್ ತಯಾರಿಸುವ ಬಿ9 ಬೆವರೇಜಸ್ ತನ್ನ ಹೆಸರಿನಿಂದ ‘ಪ್ರೈವೇಟ್’ ತೆಗೆದು ಲಿಮಿಟೆಡ್ ಕಂಪನಿಯಾದಾಗ ರಾಜ್ಯ ರಾಜ್ಯಗಳಲ್ಲಿ ಲೇಬಲ್‌ಗಳನ್ನು ಮತ್ತೆ ನೋಂದಾಯಿಸಬೇಕಾಗಿ ಬಂದು, ತಿಂಗಳುಗಟ್ಟಲೆ ಮಾರಾಟಕ್ಕೆ ಪೆಟ್ಟು ಬಿದ್ದಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ಮನೆಯಿಂದ ಎದ್ದು ಬರುವವನ ಪಾಡೇನು?

ಬೇಡ ಎನ್ನುವವರ ವಾದ

ವಿರೋಧವನ್ನು ಮಡಿವಂತಿಕೆ ಎಂದು ಲಘುವಾಗಿ ಕಾಣುವವರು 2019ರ ಜನವರಿಯನ್ನು ನೆನೆಯಬೇಕು. ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಗಂಡನ ಕೂಲಿ ಕುಡಿತಕ್ಕೆ ಹೋಗುವ, ಹೊಡೆತ ತಿನ್ನುವ ಮನೆಯ ಹೆಂಗಸಿಗೆ ‘ಮನೆಯಲ್ಲೇ ಮದ್ಯ ಮಾಡಲು ಸರ್ಕಾರದ ಅನುಮತಿ’ ಎಂಬ ಸುದ್ದಿ ಹೇಗೆ ಕೇಳಿಸುತ್ತದೆ ಎಂಬುದು ನ್ಯಾಯವಾದ ಪ್ರಶ್ನೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ಸಾಗಲು ರಾಜ್ಯಕ್ಕೆ ನಿರ್ದೇಶಿಸಿದೆ. ಮದ್ಯಪಾನಕ್ಕೆ ಸುರಕ್ಷಿತ ಎನ್ನಬಹುದಾದ ಕನಿಷ್ಠ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹವ್ಯಾಸ, ಕರಕುಶಲ, ರುಚಿ ಎಂಬ ಮಾತುಗಳು ಈ ಸತ್ಯವನ್ನು ಮರೆಮಾಚಬಾರದು.

ಎರಡನೆಯ ಆಕ್ಷೇಪ ಜಾರಿಯದ್ದು. ಕಾಯ್ದೆಯಲ್ಲಿ ಒಂದು ಕಿಂಡಿ ಬಿಟ್ಟರೆ ಸಿಕ್ಕಿಬಿದ್ದವರೆಲ್ಲ ‘ಸ್ವಂತಕ್ಕೆ ಮಾಡಿದ್ದು’ ಎನ್ನುತ್ತಾರೆ. ಬಾಗಿಲೊಳಗೆ ಹೋಗಿ ಲೀಟರ್ ಅಳೆಯಲು ಇಲಾಖೆಗೆ ಜನರೂ ಇಲ್ಲ, ಅದು ಹಿತವೂ ಅಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧಿಸಿದ ಮೇಲೆ ಕಳ್ಳಭಟ್ಟಿಯ ಬೆನ್ನು ಹತ್ತಿರುವ ಅಧಿಕಾರಿಗೆ ಈ ಆತಂಕ ಇರುವುದು ಅರ್ಥವಾಗುವಂಥದ್ದೇ.

ಮೂರನೆಯದನ್ನು ಹವ್ಯಾಸಿಗಳು ಹೆಚ್ಚಾಗಿ ಎತ್ತುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಕಠಿಣವಾದದ್ದು. ಅಬಕಾರಿ ದಾಳಿಯ ಸುದ್ದಿಗಳು ಬರುವುದು ತಾಂಡಾಗಳಿಂದ, ಕಾಡಂಚಿನ ಹಳ್ಳಿಗಳಿಂದ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಅಲ್ಲ. ಒಂದೇ ಕಾಯ್ದೆ ಬಡವನಿಗೆ ಮೊಕದ್ದಮೆಯಾಗಿ, ಉಳ್ಳವನಿಗೆ ವಾರಾಂತ್ಯದ ಹವ್ಯಾಸವಾಗಿ ಒದಗುತ್ತಿದೆ. ವಿನಾಯಿತಿಯನ್ನು ಆಮದು ಮಾಲ್ಟಿನ ಬಿಯರ್‌ಗೆ ಮಾತ್ರ ಕೊಟ್ಟು, ಅಕ್ಕಿ, ಜೋಳ ಹುದುಗಿಸಿಕೊಳ್ಳುವವನನ್ನು ಹೊರಗಿಟ್ಟರೆ ಆ ಅನ್ಯಾಯಕ್ಕೆ ಕಾನೂನಿನ ಮೊಹರು ಬಿದ್ದಂತಾಗುತ್ತದೆ. ದೇಶದಲ್ಲಿ ಬೇರೆ ಮಾದರಿಗಳಿಲ್ಲದೆ ಇಲ್ಲ. ಛತ್ತೀಸಗಡದಲ್ಲಿ ಪರಿಶಿಷ್ಟ ಪಂಗಡದ ಕುಟುಂಬಗಳು ಸೀಮಿತ ಪ್ರಮಾಣದಲ್ಲಿ ಸ್ವಂತಕ್ಕೆ ಮದ್ಯ ತಯಾರಿಸಿಕೊಳ್ಳಬಹುದು. ಅಸ್ಸಾಮಿನ ದಿಮಾಸಾ ಸಮುದಾಯದ ಅಕ್ಕಿ ಮದ್ಯ ‘ಜೂದಿಮಾ’ಕ್ಕೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ.

ನ್ಯಾಯಾಲಯ ದಾರಿ ತೋರೀತೇ?

ಸುಲಭವಲ್ಲ. ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದಿತು. 2024ರ ಅಕ್ಟೋಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜ್ಯಗಳ ಅಧಿಕಾರ ಕೈಗಾರಿಕಾ ಆಲ್ಕೋಹಾಲ್‌ಗೂ ವ್ಯಾಪಿಸುತ್ತದೆ ಎಂದು 8–1 ಬಹುಮತದಿಂದ ತೀರ್ಪಿತ್ತು. ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಒಟ್ಟಾರೆ ಒಲವು ರಾಜ್ಯದ ಕೈ ಬಲಪಡಿಸುವ ಕಡೆಗಿದೆ.

ಉಳಿದಿರುವ ಎಳೆ ಖಾಸಗಿತನದ್ದು. ಖೋಡೆ ಪ್ರಕರಣ ವ್ಯಾಪಾರದ ಬಗ್ಗೆ. ಮಾರದೆ, ಕೊಳ್ಳದೆ, ತನ್ನ ಮನೆಯೊಳಗೆ ತನಗಾಗಿ ಮಾಡಿಕೊಂಡದ್ದು ವ್ಯಾಪಾರವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ತೀರ್ಪು ಬಂದ ಮೇಲೆ, ಆ ನೆಲೆಯಲ್ಲಿ ಪಾನನಿಷೇಧವನ್ನು ಪ್ರಶ್ನಿಸಿದ ಅರ್ಜಿಗಳು ವಿಚಾರಣೆಗೆ ಅರ್ಹ ಎಂದು ಗುಜರಾತ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಿತ್ತು. ಆದರೆ ಅದು ಕುಡಿಯುವ ಹಕ್ಕಿನ ಪ್ರಶ್ನೆ. ತಯಾರಿಸುವ ಹಕ್ಕಿನವರೆಗೆ ಅದನ್ನು ಎಳೆಯಲು ಇನ್ನೂ ಬಹುದೂರ ಹೋಗಬೇಕು. ಮೊಕದ್ದಮೆಯ ಭಯವಿರುವ ಹವ್ಯಾಸಿ ತಾನೇ ಮುಂದೆ ಬಂದು ಅರ್ಜಿ ಹಾಕುವುದೂ ಅನುಮಾನ.

ಬದಲಾದರೆ, ಬದಲಾಗದಿದ್ದರೆ

ಶಾಸನಸಭೆಯೇ ಮುಂದಾದರೆ ತಿದ್ದುಪಡಿ ದೊಡ್ಡದೇನೂ ಆಗಬೇಕಿಲ್ಲ. ಹುದುಗಿಸಿದ ಪಾನೀಯಕ್ಕೆ ಮಾತ್ರ ಅನ್ವಯ, ಭಟ್ಟಿ ಇಳಿಸುವುದಕ್ಕೆ ಇಲ್ಲ. ಯಾವ ಧಾನ್ಯ, ಯಾವ ಹಣ್ಣು ಎಂಬ ಭೇದ ಬೇಡ. ಯಾವುದೇ ಹೊತ್ತಿನಲ್ಲಿ ಮನೆಯಲ್ಲಿ ಇರಬಹುದಾದ ಪ್ರಮಾಣಕ್ಕೆ ಮಿತಿ, ಅದೂ ಈಗಿರುವ ದಾಸ್ತಾನು ಮಿತಿಯ ಆಸುಪಾಸಿನಲ್ಲಿ. ಮಾರಾಟ ಮಾಡಿದರೆ ಈಗಿನಷ್ಟೇ ಶಿಕ್ಷೆ. ವರ್ಷದ ಒಟ್ಟು ಲೆಕ್ಕಕ್ಕಿಂತ ‘ಈ ಕ್ಷಣ ಎಷ್ಟಿದೆ’ ಎಂಬ ಲೆಕ್ಕ ಪರಿಶೀಲಿಸಲು ಸುಲಭ, ಮಾರಾಟದ ಅನುಮಾನವನ್ನೂ ಅದು ಬೇಗ ಬಗೆಹರಿಸುತ್ತದೆ. ಇಂಥ ವಿನಾಯಿತಿಯಿಂದ ಖಜಾನೆಗೆ ಆಗುವ ನಷ್ಟ ಗಣನೆಗೆ ಬರದಷ್ಟು ಸಣ್ಣದು; ಬಿಯರ್ ಅಗ್ಗವಾಗಲಿ ಎಂದು ಇದಕ್ಕಾಗಿ ಕಾಯುವವರಿಗೂ ನಿರಾಸೆಯೇ ಗತಿ, ಏಕೆಂದರೆ ಬಾಟಲಿಯ ಬೆಲೆ ನಿರ್ಧರಿಸುವುದು ಸುಂಕ, ಹವ್ಯಾಸಿಯ ಪಾತ್ರೆಯಲ್ಲ. ಲಾಭವೆಂದರೆ ಕೌಶಲ ಬೆಳಕಿಗೆ ಬರುವುದು, ಬಾಟಲಿ ಸಿಡಿಯದಂತೆ, ಬಿಯರ್ ಕೆಡದಂತೆ ನೋಡಿಕೊಳ್ಳುವ ಮಾತುಗಳನ್ನು ಬಹಿರಂಗವಾಗಿ ಆಡಲು ಸಾಧ್ಯವಾಗುವುದು.

ಆದರೆ ರಾಜಕೀಯವಾಗಿ ಇದಕ್ಕೆ ಕೈ ಹಾಕುವ ಉತ್ಸಾಹ ಯಾವ ಪಕ್ಷಕ್ಕೂ ಇರುವ ಲಕ್ಷಣವಿಲ್ಲ. ಮತ ತರುವ ವಿಷಯ ಇದಲ್ಲ, ಕಳೆಯುವ ವಿಷಯ ಆಗಬಹುದು. ಹಾಗಾಗಿ ಸದ್ಯದ ಸ್ಥಿತಿಯೇ ಮುಂದುವರಿಯುವ ಸಾಧ್ಯತೆ ಹೆಚ್ಚು: ಕಿಟ್ ಮಾರಾಟ ನಡೆಯುತ್ತದೆ, ದಾಳಿ ಅಪರೂಪಕ್ಕೆ ಆಗುತ್ತದೆ, ಆದದ್ದು ಯಾರ ಮೇಲೆ ಎಂಬುದು ನೆರೆಯವರ ದೂರು ಅಥವಾ ಅಧಿಕಾರಿಯ ಮರ್ಜಿಯನ್ನು ಅವಲಂಬಿಸುತ್ತದೆ. ಬಾಡಿಗೆ ಮನೆಯಲ್ಲಿ ಬಾಟಲಿ ಸಿಡಿದು ಯಾರಿಗಾದರೂ ಗಾಯವಾದರೆ, ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ 13ನೇ ಕಲಂ ಅಂದು ಪೂರ್ಣ ಬಲದೊಂದಿಗೆ ಎದ್ದು ನಿಲ್ಲುತ್ತದೆ.

ಕಾಯ್ದೆ ತಿದ್ದದೆಯೂ ಮಾಡಬಹುದಾದ ಒಂದು ಕೆಲಸವಿದೆ. ಕಿಟ್ ಕೊಳ್ಳುವವರು ತಮ್ಮ ರಾಜ್ಯದ ಅಬಕಾರಿ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಓದುವಂತೆ ಆನ್‌ಲೈನ್ ಮಾರಾಟಗಾರರು ಪುಟದ ಮೇಲ್ಭಾಗದಲ್ಲಿ, ಕಿಟ್‌ನ ಹೊರಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕೆಂದು ಅಬಕಾರಿ ಇಲಾಖೆ ಕೇಳಬಹುದು. ಹಾಗೆ ಕೇಳಿದರೆ, ಮಾರುವುದು ಸಕ್ರಮ, ಮಾಡುವುದು ಅಕ್ರಮ ಎಂಬ ವಿಚಿತ್ರ ಸ್ಥಿತಿಯನ್ನು ಸರ್ಕಾರವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಬಹುಶಃ ಇದುವರೆಗೆ ಕೇಳದಿರುವುದಕ್ಕೆ ಅದೂ ಒಂದು ಕಾರಣ.